ಗ್ರೀಸಿನ ಅಳಿಯ ಮತ್ತು ನಮ್ಮ ಹೆರಿಗೆ ಕೋಣೆಯ ಬಾಗಿಲು

ಹೆರಿಗೆ ಕೋಣೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಅಕ್ಕಾರ, ರಕ್ತ ನೋಡಿ ನೋಡಿ ಹೆದರಿಕಿ ಆಗಂಗಿಲ್ಲೇನ್ರಿ?" ರಕ್ತಕ್ಕೆ ಮನುಷ್ಯ ಬೇಗ ಒಗ್ಗಿಕೊಳ್ಳುತ್ತಾನೆ. ಕೆಲವೇ ತಿಂಗಳಲ್ಲಿ ಕೈ ತೊಳೆದುಕೊಂಡು ಬಂದು ಅದೇ ಕೈಯಿಂದ ರೊಟ್ಟಿ ಮುರಿದು ಉಣ್ಣುತ್ತೀರಿ. ನನಗೆ ಕಡೆಯವರೆಗೂ ಒಗ್ಗದೆ ಉಳಿದದ್ದು ಬೇರೆ. ಆ ಕೋಣೆಯ ಬಾಗಿಲಲ್ಲಿ ನಿಂತವರಿಗೆ ಯಾವ ಹೆಣ್ಣಿಗೆ ಅವಳ ಮನೆಯಲ್ಲಿ ಎಷ್ಟು ಬೆಲೆ ಅನ್ನುವುದು ಕಂಡುಬಿಡುತ್ತದೆ. ಒಬ್ಬಳಿಗಾಗಿ ಥರ್ಮಾಸ್ ಎದೆಗೆ ಅವಚಿಕೊಂಡು ಅವ್ವ ನಿಂತಿರುತ್ತಾಳೆ. ಇನ್ನೊಬ್ಬಳ ಕಡೆಯವರು ಸಹಿ ಹಾಕಿ ಚಹಾ ಕುಡಿಯಲು ಹೋದವರು ಕೂಸು ಅತ್ತ ಮೇಲೂ ಬಂದಿರುವುದಿಲ್ಲ. ಇದನ್ನೆಲ್ಲ ನೋಡುತ್ತ ನೋಡುತ್ತ ನಮ್ಮದನ್ನೂ ತಕ್ಕಡಿಗೆ ಹಾಕುವ ಚಾಳಿ ಬೀಳುತ್ತದೆ. ನನಗೂ ಬಿತ್ತು. ಹೊಟ್ಟೆಕಿಚ್ಚು ಅಂತ ನೆಟ್ಟಗೆ ಹೇಳಿಬಿಡುತ್ತೇನೆ. ಅದನ್ನು ಹಚ್ಚಿದವನು ಗ್ರೀಸ್ ದೇಶದಿಂದ ಬಂದು, ರಾಮದುರ್ಗದಲ್ಲಿ ಮನೆಅಳಿಯನಾಗಿ ಬಾಳಿ, ಅಲ್ಲಿಯ ಮಣ್ಣಿಗೇ ಹೋದ ಒಬ್ಬ ಮನುಷ್ಯ. ಅವನ ಸುದ್ದಿ ಬಿಟ್ಟು ನನ್ನ ನೌಕರಿಯ ಸುದ್ದಿ ಹೇಳಲು ಬರುವುದಿಲ್ಲ.

ಅವನಿಗಿಂತ ಮೊದಲು ನನ್ನ ದಡ್ಡತನದ ಒಂದು ಸಂಗತಿ. ನಾನು ಮೊದಲು ಕೆಲಸಕ್ಕೆ ನಿಂತದ್ದು ಬೈಲಹೊಂಗಲದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ. ಅಲ್ಲಿಯ ದೊಡ್ಡ ಸಿಸ್ಟರ್ ಬಹಳ ಬಿಗಿ ಹೆಂಗಸು, ನಡೆದು ಬಂದರೆ ಚಪ್ಪಲಿ ಸಪ್ಪಳಕ್ಕೇ ನಮ್ಮ ಬೆನ್ನು ನೆಟ್ಟಗಾಗುತ್ತಿತ್ತು. ಒಂದು ದಿನ ಇಬ್ಬರು ಗಂಗವ್ವಂದಿರು ಒಟ್ಟಿಗೆ ನೋವು ತಿನ್ನುತ್ತಿದ್ದರು. ಗಂಡನ ಹೆಸರು ಕೇಳಿದರೆ ಒಬ್ಬಳೂ ಹೇಳಲೊಲ್ಲಳು. "ಹೊರಗ ಕುಂತಾರಲ್ರಿ, ಅವರನ್ನ ಕೇಳ್ರಿ" ಅಂತ ಗೋಡೆಗೆ ಮುಖ ಮಾಡಿದರು. ನಮ್ಮ ಕಡೆ ಗಂಡನ ಹೆಸರು ಬಾಯಲ್ಲಿ ಬರಬಾರದಲ್ಲ, ಜೀವ ಹೋಗುವಂಥ ನೋವಿನಲ್ಲೂ ಬರಲಿಲ್ಲ. ಒಬ್ಬಳಿಗೆ ಗಂಡು ಹುಟ್ಟಿತು. ನಾನು ಹಿಗ್ಗಿನಲ್ಲಿ ಹೊರಗೆ ಓಡಿ ಬಂದು, "ಗಂಗವ್ವನ ಮನಿಯವರು ಯಾರ್ರೀ? ಗಂಡು ಕೂಸು" ಅಂದೆ. ಮೊದಲು ಎದ್ದು ಬಂದವನು ಇನ್ನೊಬ್ಬ ಗಂಗವ್ವನ ಗಂಡ. ಹೆಂಡತಿ ಇನ್ನೂ ಒಳಗೆ ನರಳುತ್ತಿರುವಾಗಲೇ ಅವನು ಆಸ್ಪತ್ರೆ ತುಂಬ ಪೇಡೆ ಹಂಚಿಬಿಟ್ಟ. ದೊಡ್ಡ ಸಿಸ್ಟರ್ ತಮ್ಮ ಪಾಲಿನದನ್ನು ತಿಂದು, ಬಾಯಿ ಒರೆಸಿಕೊಂಡೇ ನನಗೆ ಬೈದರು. ಆಮೇಲೆ ಅವನ ಹೆಂಡತಿಗೆ ಹೆಣ್ಣಾಯಿತು. ಅವನು ನನ್ನ ಮುಖ ನೋಡಿ, "ಇರ್ಲಿ ಬಿಡ್ರಿ ಸಿಸ್ಟರ್, ಹಂಚಿದ್ದು ಹಂಚಾಗೇತಿ. ಇದಕ್ಕೂ ಅದ ಪೇಡೆ" ಅಂದ. ಅಂದಿನಿಂದ ನಾನು ಗಂಡನ ಹೆಸರು ಕೇಳುವುದು ಬಿಟ್ಟು ತವರೂರು ಕೇಳತೊಡಗಿದೆ. ಅದನ್ನು ಎಂಥ ನೋವಿನಲ್ಲೂ ಬಾಯಿ ತುಂಬ ಹೇಳುತ್ತಾರೆ.

ಆಮೇಲೆ ಕಿತ್ತೂರಿನ ಆಸ್ಪತ್ರೆಯಲ್ಲಿ ಕೆಲವು ವರ್ಷ ಇದ್ದೆ. ಆಗಿನ ರೀತಿಯೇ ಬೇರೆ. ನೋವು ಬಂದವಳನ್ನು ಮಲಗಿಸಿದರೆ ಮುಗಿಯಿತು, ಏಳಗೊಡುತ್ತಿರಲಿಲ್ಲ, ಒಂದು ಗುಟುಕು ಚಹಾ ಕೊಡುತ್ತಿರಲಿಲ್ಲ. ಚೀರಿದರೆ ಬೈಗುಳ. ಬೈಯುವುದೂ ಕೆಲಸದ ಭಾಗ ಅಂತಲೇ ನಾವು ತಿಳಿದಿದ್ದೆವು. ಈಗ ಅಡ್ಡಾಡು ಅನ್ನುತ್ತಾರೆ, ಗಂಜಿ ಕುಡಿ ಅನ್ನುತ್ತಾರೆ, ಮನೆಯವರೊಬ್ಬರು ಜೊತೆಗಿರಲಿ ಅನ್ನುತ್ತಾರೆ. ಒಳ್ಳೆಯದಾಯಿತು. ಆದರೆ ಆ ಕೊನೆಯ ಮಾತು ನಿಯಮವಾಗಿ ಬರುವ ಮೊದಲೇ ನಮ್ಮ ಬಾಗಿಲಿಗೆ ಬಂದಿತ್ತು.

ಮದುವೆಯಾಗಿ ರಾಮದುರ್ಗಕ್ಕೆ ಬಂದು ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಯ ಹೆರಿಗೆ ಕೋಣೆ ಹಿಡಿದೆ. ನಮ್ಮ ಮನೆಯವರು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕುಡಿತ ಇಲ್ಲ, ಬಡಿತ ಇಲ್ಲ, ಸಿಟ್ಟೂ ಇಲ್ಲ. ಮಾತೂ ಇಲ್ಲ. ಇಡೀ ದಿನ ಗಿರಾಕಿಗಳ ಮುಂದೆ "ಬರ್ರಿ ಅಕ್ಕಾರ, ಕುಂದರ್ರಿ ಅಕ್ಕಾರ" ಅಂತ ಸೀರೆ ಬಿಚ್ಚಿ ಬಿಚ್ಚಿ ತೋರಿಸುವವರು ಮನೆಗೆ ಬಂದು ಬಾಯಿ ಮಡಚಿ ಇಟ್ಟುಬಿಡುತ್ತಿದ್ದರು. ನಾನು ತವರಲ್ಲಿ ಹಡೆದಾಗ ಐದನೆಯ ದಿನಕ್ಕೆ ಬಂದು, ಕುರ್ಚಿಯ ತುದಿಗೆ ಕುಳಿತು, "ಆರಾಮ ಅದೀಯಿಲ್ಲ?" ಅಂದು, ನನ್ನ ಉತ್ತರಕ್ಕೆ ಕಾಯದೆ ಬಸ್ಸಿನ ಹೊತ್ತು ಕೇಳಿದರು. ದೂರು ಹೇಳುವಂಥದ್ದು ಏನೂ ಇಲ್ಲ. ಹೇಳಿದರೆ ಜನ ನನಗೇ ನಗುತ್ತಿದ್ದರು. ನನಗೆ ಬೇಕಾಗಿದ್ದುದು ಇಷ್ಟೇ: ನಾನು ಇದ್ದರೆ, ಇಲ್ಲದಿದ್ದರೆ ಈ ಮನುಷ್ಯನಿಗೆ ಏನಾದರೂ ಅನ್ನಿಸುತ್ತದೆಯೇ ಅನ್ನುವುದು ಒಮ್ಮೆ ತಿಳಿಯಬೇಕಾಗಿತ್ತು.

ಕಸ್ತೂರಿ ನಮ್ಮಲ್ಲಿಗೆ ನರ್ಸ್ ಆಗಿ ಬಂದದ್ದು ಆ ಕಾಲದಲ್ಲಿ. ರಾಮದುರ್ಗದ ಬೌದ್ಧ ಮನೆತನದ ಹುಡುಗಿ. ನರ್ಸಿಂಗ್ ಕಲಿತು, ಹೊರದೇಶಕ್ಕೆ ಹೋಗಿ, ಗ್ರೀಸಿನ ಒಂದು ದ್ವೀಪದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದಳು. ಇಲ್ಲಿ ಅವ್ವನಿಗೆ ಲಕ್ವಾ ಹೊಡೆದು ಒಂದು ಬದಿ ಬಿದ್ದುಹೋಯಿತು ಅಂತ ತಿಳಿದ ಕೂಡಲೇ ಓಡಿ ಬಂದಳು. ಗಂಟುಮೂಟೆಯ ಜೊತೆಗೆ ಗಂಡನೂ ಬಂದ. ಅವನ ಹೆಸರು ಯಾನಿಸ್. ಓಣಿಯವರು ಎರಡೇ ದಿನಕ್ಕೆ ಅವನನ್ನು ಯಾನಪ್ಪ ಮಾಡಿದರು. ಅಲ್ಲಿ ಜನರನ್ನು ದಾಟಿಸುವ ಹಡಗುಗಳ ಎಂಜಿನ್ ನೋಡಿಕೊಳ್ಳುತ್ತಿದ್ದನಂತೆ. ಇಲ್ಲಿ ಒಂದು ತಗಡಿನ ಶೆಡ್ ಹಿಡಿದು ರೈತರ ನೀರೆತ್ತುವ ಮೋಟಾರು ರಿಪೇರಿಗೆ ಕುಳಿತ.

ಮಧ್ಯಾಹ್ನವಾಯಿತೆಂದರೆ ಶೆಡ್ಡಿಗೆ ಬೀಗ ಹಾಕಿ, ಡಬ್ಬಿ ಹಿಡಿದು ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಬಂದು ನಿಲ್ಲುತ್ತಿದ್ದ. ಹೆಂಡತಿ ಉಣ್ಣುವವರೆಗೆ ಎದುರಿಗೆ ಕುಳಿತಿರುತ್ತಿದ್ದ. ರೊಟ್ಟಿ ತಟ್ಟಲು ಅವನಿಗೆ ಕಡೆಯವರೆಗೂ ಬರಲಿಲ್ಲ, ಪಲ್ಯ ಮಾತ್ರ ಅವನದೇ. ಬದನೆಕಾಯಿಗೆ ಎಣ್ಣೆ ಕೈಬಿಚ್ಚಿ ಹಾಕುತ್ತಿದ್ದ. ನಮ್ಮ ಆಯಾ ಹಸೀನಾಬಿ ಕಿಟಕಿಯಲ್ಲಿ ನಿಂತು ವರದಿ ಕೊಡುತ್ತಿದ್ದಳು.

"ಅಕ್ಕಾರ, ನೋಡ ಬರ್ರಿ. ಇವತ್ತ ಆಕಿ ಗಲ್ಲದ ಮ್ಯಾಲಿನ ಅನ್ನದ ಅಗಳ ಒರಸಾಕ ಹತ್ಯಾನ."

"ನಿನಗ ಕೆಲಸ ಇಲ್ಲೇನ ಹಸೀನಾ?"

"ಕೆಲಸ ದಿನಾ ಐತ್ರಿ. ಇಂಥಾದ್ದು ಎಲ್ಲಿ ಐತಿ?"

ನಾನು ಹೋಗಿ ನೋಡುತ್ತಿದ್ದೆ. ನೋಡಿ ಬಂದು ಒಳಗೆ ಬಟ್ಟಲು ಜೋಡಿಸುವಾಗ ಸುಮ್ಮನೆ ಸಪ್ಪಳ ಮಾಡುತ್ತಿದ್ದೆ.

ಊರವರು ಅವನನ್ನು ಆಡಿಕೊಳ್ಳದೆ ಬಿಡಲಿಲ್ಲ. ಮನೆಅಳಿಯ ಅಂದರೆ ನಮ್ಮಲ್ಲಿ ಗೌರವ ಅಷ್ಟಕ್ಕಷ್ಟೆ. ಒಮ್ಮೆ ಹಸೀನಾಬಿಯೇ ಕೇಳಿಬಿಟ್ಟಳು: "ಯಾನಪ್ಪಣ್ಣ, ಹೆಂಡ್ತಿ ಮನ್ಯಾಗ ಇರಾಕ ನಿಮಗ ನಾಚಿಕಿ ಬರಂಗಿಲ್ಲೇನು?" ಅವನು ಕನ್ನಡ ಕಲಿತದ್ದು ಹಾಸಿಗೆ ಹಿಡಿದ ಅತ್ತೆಯಿಂದ. ಹಾಗಾಗಿ ಆ ಆರಡಿ ಗಂಡಸು ಮಾತಾಡಿದರೆ ಮುದುಕಿಯೊಬ್ಬಳು ಮಾತಾಡಿದಂತೆಯೇ ಇರುತ್ತಿತ್ತು. "ಅಯ್ಯ ನನ ಯವ್ವಾ, ಯಾಕ ನಾಚಿಕಿ? ನಮ್ಮ ಊರಾಗ ಮನಿ ಮಗಳಿಗೆ ಹೋಗತೈತಿ. ಅಳಿಯಾನೇ ಗಂಟ ಕಟಗೊಂಡ ಬರತಾನ. ನಮ್ಮಪ್ಪನೂ ಹಂಗ ಬಂದಿದ್ದ" ಅಂದ. ಹಸೀನಾಬಿಗೆ ಆ ಊರು ಎಷ್ಟು ಹಿಡಿಸಿತೆಂದರೆ ಬಸ್ಸಿನ ದಾರಿ ಕೇಳಿದಳು.

ಅವರ ಮನೆಗೆ ನಾನು ಒಮ್ಮೆ ಹೋದಾಗ ಕಂಡದ್ದನ್ನು ಹೇಳಬೇಕು. ಅಳಿಯ ಎದುರಿಗೆ ಬಂದರೆ ಅತ್ತೆ ತಲೆಯ ಮೇಲೆ ಸೆರಗು ಹೊದೆಯಬೇಕು, ಅದು ನಮ್ಮ ಕಡೆಯ ರೂಢಿ. ಆ ಮುದುಕಿಗೆ ಬಲಗೈ ಏಳುವುದಿಲ್ಲ. ಅವನು ಗಂಜಿ ಹಿಡಿದು ಬಂದಾಗ ಎಡಗೈಯಿಂದ ಸೆರಗಿಗೆ ತಡಕಾಡಿ ಸಂಕಟಪಡುತ್ತಿದ್ದಳು. ಅವನು ಬಟ್ಟಲು ಕೆಳಗಿಟ್ಟ. ಮುಖ ಬೇರೆ ಕಡೆ ತಿರುಗಿಸಿಕೊಂಡು, ಅವಳ ಸೆರಗನ್ನು ತಾನೇ ಎಳೆದು ತಲೆಯ ಮೇಲೆ ಹೊದೆಸಿದ. ಆಮೇಲೆ ತಿರುಗಿ, ಈಗ ಬಂದವನ ಹಾಗೆ, "ಯವ್ವಾ, ಉಣ್ತೀ?" ಅಂದ. ಮುದುಕಿ ಗಂಭೀರವಾಗಿ ಬಾಯಿ ತೆರೆದಳು. ನಾನು ಮನೆಗೆ ಬಂದು ಇದನ್ನು ಹೇಳಿದೆ. ನಮ್ಮ ಮನೆಯವರು ಕಪ್ಪಿನ ಚಹಾ ಬಸಿಗೆ ಬಗ್ಗಿಸಿಕೊಳ್ಳುತ್ತ, "ಅಂವಗೇನ, ಅಂಗಡಿ ಐತೋ ಗಿರಾಕಿ ಅದಾರೋ. ಸೆರಗ ಹೊಚ್ಚಕೋತ ಕುಂತಾನ" ಅಂದರು. ನಿಮಗೂ ಏನಾದರೂ ಅನ್ನಿಸಲಿ ಅಂತಲೇ ಇದನ್ನು ಹೇಳಿದೆ ಅಂತ ಹೇಗೆ ಹೇಳುವುದು? ಮರುದಿನ ಅವನದೇ ಮತ್ತೊಂದು ಸುದ್ದಿ ಹೇಳಿದೆ.

ಎಲ್ಲವೂ ಅವನಿಗೆ ಸರಿಯಾಗಿಯೇ ಬರುತ್ತಿತ್ತು ಅಂತಲ್ಲ. ಒಂದು ದಿನ ಮುನವಳ್ಳಿ ಕಡೆಯ ಬಾಣಂತಿಯೊಬ್ಬಳ ಕೂಸನ್ನು ಎಲ್ಲರೂ ಮುದ್ದು ಮಾಡುತ್ತಿದ್ದಾಗ ಇವನೂ ಬಗ್ಗಿ ನೋಡಿ, "ಎಷ್ಟ ಚಂದ ಐತಿ" ಅಂದವನೇ ಕೂಸಿನ ಕಡೆ ಥೂ ಥೂ ಥೂ ಅಂತ ಮೂರು ಸಲ ಉಗುಳಿದ ಹಾಗೆ ಮಾಡಿದ. ಕೂಸಿನ ಅಪ್ಪ ಅಂಗಿ ತೋಳು ಏರಿಸಿಕೊಂಡು ಬಂದ. "ಏ, ನನ್ನ ಕೂಸಿನ ಮ್ಯಾಲ ಉಗುಳತೀ?" ನಾನು ನಡುವೆ ಹೋಗುವಷ್ಟರಲ್ಲಿ ಕೂಸಿನ ಅಜ್ಜಿ ಮಂಚದ ಮೇಲಿಂದಲೇ ಮಗನನ್ನು ಗದರಿಸಿದಳು. "ಕುಂದರೋ ಮಂಗ್ಯಾನಂಥವನ. ದೃಷ್ಟಿ ತಗದಾನ ಅಂವಾ. ನೀವ್ಯಾರಾದ್ರೂ ತಗದ್ರೇನು? ಬಾರೋ ಯಪ್ಪಾ, ಇನ್ನೊಮ್ಮಿ ಉಗುಳು." ಅವನ ಊರಲ್ಲೂ ಚೆಂದದ ಕೂಸು ಕಂಡರೆ ಹಾಗೇ ಮಾಡುತ್ತಾರಂತೆ. ಆಮೇಲೆ ನಮ್ಮ ವಾರ್ಡಿನಲ್ಲಿ ಬಾಣಂತಿಯರೇ ಅವನನ್ನು ಕರೆದು ಉಗುಳಿಸಿಕೊಳ್ಳತೊಡಗಿದರು.

ಕಸ್ತೂರಿಗೆ ಮಕ್ಕಳಾಗಿರಲಿಲ್ಲ. ಬಸಿರು ನಿಂತದ್ದು ಎರಡು ಸಲ ಹೋಗಿತ್ತು. ಮತ್ತೆ ನಿಂತಾಗ ವಯಸ್ಸೂ ಏರಿತ್ತು, ರಕ್ತದೊತ್ತಡವೂ ಇತ್ತು. ಅವ್ವ ಹಾಸಿಗೆಯಲ್ಲಿ, ಬೇರೆ ಹೆಣ್ಣು ದಿಕ್ಕಿಲ್ಲ. ಆರು ತಿಂಗಳಾಗಿದ್ದಾಗ ಯಾನಿಸ್ ಬಂದು ನನ್ನ ಮುಂದೆ ನಿಂತ.

"ಅಕ್ಕಾರ, ಆ ದಿನ ನಾ ಒಳಗ ಬರತೇನಿ."

"ಎಲ್ಲಿಗೆ?"

"ಹೆರಿಗಿ ಕೋಣಿಗೆ. ಆಕಿ ಬಾಜೂಕ ನಿಂದರತೇನಿ."

ನಾನು ಆಗುವುದಿಲ್ಲ ಅಂದೆ. ಒಂದು ಕೋಣೆ, ಎರಡು ಟೇಬಲ್ಲು, ನಡುವೆ ಒಂದು ಪರದೆ. ಗಂಡಸರು ಆ ಬಾಗಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರಮ್ಮ, ನಾವು ಬಾಯಾರ ಅನ್ನುವವರ ಹತ್ತಿರ ಹೋದೆ, ಅವರಾದರೂ ಬೇಡ ಅನ್ನಲಿ ಅಂತ.

"ಬಾಯಾರ, ಇವತ್ತ ಇಂವನ್ನ ಬಿಟ್ರ ನಾಳೆ ಎಲ್ಲಾ ಗಂಡಸರೂ ಕೇಳತಾರ್ರಿ."

"ಇಷ್ಟು ವರ್ಷದಾಗ ಎಷ್ಟು ಮಂದಿ ಕೇಳ್ಯಾರ ಸಿಸ್ಟರ್?"

"ಒಬ್ಬರೂ ಇಲ್ಲರಿ."

"ಮತ್ತ್ಯಾಕ ಅಂಜತೀರಿ? ನನಗೇನೂ ಇಲ್ಲ. ಕೋಣಿ ನಿಮ್ಮದು, ನೀವ ಹೇಳ್ರಿ."

ಒಬ್ಬರೂ ಕೇಳಿರಲಿಲ್ಲ. ಅದೇ ನನಗೆ ಚುಚ್ಚಿದ್ದು. ಆ ದಿನ ಇನ್ನೊಂದು ಟೇಬಲ್ಲಿನ ಮೇಲೆ ಬೇರೆ ಹೆಂಗಸು ಇಲ್ಲದಿದ್ದರೆ ನೋಡೋಣ ಅಂತ ಅವನಿಗೆ ಹೇಳಿ ಕಳಿಸಿದೆ.

ಆ ದಿನ ಬಂದಾಗ ಪರದೆಯ ಆಚೆ ಬೇರೆ ಹೆಂಗಸು ಇದ್ದಳು. ಸವದತ್ತಿ ಕಡೆಯವಳು, ನಾಲ್ಕನೆಯ ಹೆರಿಗೆ. ಯಾನಿಸನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದೆ. ನೋವು ಏರುತ್ತ ಹೋಯಿತು. ಆಮೇಲೆ ನಾನು ಎಂದೂ ಕೇಳಿರದ್ದನ್ನು ಕೇಳಿದೆ. ಆ ಟೇಬಲ್ಲಿನ ಮೇಲೆ ಹೆಂಗಸರು ಅವ್ವನನ್ನು ಕರೆಯುತ್ತಾರೆ, ದೇವರನ್ನು ಕರೆಯುತ್ತಾರೆ, ನಮ್ಮನ್ನು ಬೈಯುತ್ತಾರೆ. ಕಸ್ತೂರಿ ಗಂಡನ ಹೆಸರು ಹಿಡಿದು ಕರೆಯತೊಡಗಿದಳು. "ಯಾನೀಸ್!" ಹೊರಗಿನಿಂದ ಅವನು, "ಅದೇನಿ, ಇಲ್ಲೇ ಅದೇನಿ" ಅನ್ನುತ್ತಿದ್ದ. ಅವಳು ಕರೆದಷ್ಟು ಸಲ ಅವನು ಓ ಅಂದ. ಒಮ್ಮೆಯೂ ತಪ್ಪಲಿಲ್ಲ. ನಾನು ನಡುವೆ ಕೈಗವಸು ಹಾಕಿಕೊಂಡು ನಿಂತಿದ್ದೆ. ಅಂಥ ಹೊಟ್ಟೆಕಿಚ್ಚನ್ನು ನಾನು ಆ ಮೊದಲು ಕಂಡಿರಲಿಲ್ಲ. ನನ್ನ ಹೆರಿಗೆಯಲ್ಲಿ ನಾನು ಯಾರ ಹೆಸರು ಕರೆಯಬೇಕಿತ್ತು? ಕರೆದಿದ್ದರೆ ಓ ಅನ್ನುವವರು ಎಲ್ಲಿದ್ದರು?

ಪರದೆಯ ಆಚೆಯವಳು ನೋವಿನ ನಡುವೆಯೇ ಕೂಗಿದಳು: "ಸಿಸ್ಟರ್, ಆ ಗಂಡಸನ್ನ ಒಳಗ ಕರಕೊಳ್ರಿ. ಆಕಿ ಒಂದ ಒದರೂದು, ಅಂವ ಒಂದ ಒದರೂದು. ನನ್ನ ನೋವ ನನಗ ಕೇಳವಲ್ದು!"

"ನಿನಗ ನಡೀತೈತೇನ ತಾಯಿ?"

"ಪರದೆ ಬಿಗಿಯಾಗಿ ಎಳೀರಿ, ಸಾಕು."

ಪರದೆಗೆ ಪಿನ್ನು ಹಾಕಿಸಿ, ಬಾಗಿಲು ತೆರೆದೆ. ಯಾನಿಸನ ಕಾಲು ತೊಳೆಸಿ, ಗೌನು ತೊಡಿಸಿ, ಕಸ್ತೂರಿಯ ತಲೆಯ ಕಡೆ ನಿಲ್ಲಿಸಿ, "ಇಲ್ಲಿಂದ ಅಲುಗಬ್ಯಾಡ್ರಿ, ಈ ಕಡೆ ನೋಡಬ್ಯಾಡ್ರಿ" ಅಂದೆ. ಅವನು ಹೆಂಡತಿಯ ಮುಖ ಬಿಟ್ಟು ಎಲ್ಲೂ ನೋಡಲಿಲ್ಲ. ಹೆಣ್ಣು ಕೂಸಾಯಿತು. ಎತ್ತಿ ಅವನ ಕಡೆ ಹಿಡಿದರೆ ಕೈ ಚಾಚಲಿಲ್ಲ. "ಮೊದಲ ಆಕಿಗೆ ಕೊಡ್ರಿ. ಹೊತ್ತಾಕಿ ಆಕಿ" ಅಂದ.

ಕೂಸು ಬಂದ ಮೇಲೆ ಕೆಲಸ ಮುಗಿಯಿತು ಅಂತ ತಿಳಿಯಬೇಡಿ, ಹುಡುಗಿಯರೇ. ತಾಯಿಯ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಬೇಕು. ಗರ್ಭಚೀಲ ಗಟ್ಟಿಯಾಗಿ ಕೈಗೆ ಹತ್ತಬೇಕು. ಕಸ್ತೂರಿಯದು ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ರಕ್ತ ನಿಲ್ಲಲಿಲ್ಲ. ಬಾಯಾರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹೇಳಿದರು, ನಾನು ಹೊಟ್ಟೆ ತಿಕ್ಕುತ್ತಲೇ ಇದ್ದೆ. ಅವಳ ಕಣ್ಣು ಮುಚ್ಚತೊಡಗಿದವು. ಅವನನ್ನು ಹೊರಗೆ ಕಳಿಸಬೇಕಾದ ಹೊತ್ತು ಅದು. ನಾನು ಕಳಿಸಲಿಲ್ಲ. "ಯಾನಿಸ್, ಆಕಿನ್ನ ಮಲಗಾಕ ಬಿಡಬ್ಯಾಡ್ರಿ, ಮಾತಾಡ್ರಿ" ಅಂದೆ. ಅವನು ಮಾತಾಡಿದ. ತನ್ನ ಭಾಷೆಯಲ್ಲಿ ಒಂದಷ್ಟು, ಮುದುಕಿಯ ಕನ್ನಡದಲ್ಲಿ ಒಂದಷ್ಟು. ಮೋಟಾರಿನ ಸುದ್ದಿ, ಬದನೆಕಾಯಿ ಸುದ್ದಿ, ಅವ್ವ ಬೆಳಿಗ್ಗೆ ಯಾರಿಗೆ ಬೈದಳು ಅನ್ನುವ ಸುದ್ದಿ. ಹಣೆಯಿಂದ ಬೆವರು ಇಳಿಯುತ್ತಿತ್ತು, ಧ್ವನಿ ಮಾತ್ರ ಒಲೆಯ ಮುಂದೆ ಕುಳಿತು ಮಾತಾಡುವವರದು. ಕಸ್ತೂರಿ ಕಣ್ಣು ತೆರೆದು, "ಉಪ್ಪ ಹಾಕಿದ್ದಿಲ್ಲ ನಿನ್ನಿ ಪಲ್ಯಕ್ಕ" ಅಂದಳು. ಸ್ವಲ್ಪ ಹೊತ್ತಿಗೆ ನನ್ನ ಕೈಯ ಕೆಳಗೆ ಚೀಲ ಗಟ್ಟಿಯಾಯಿತು. ಪರದೆಯ ಆಚೆಯವಳೂ ಅಷ್ಟರಲ್ಲಿ ಹಡೆದು, "ಆಕಿ ಉಳಿದಳೇನ್ರಿ?" ಅಂತ ಕೇಳಿದಳು.

ಕೈ ತೊಳೆದುಕೊಂಡು ಹೊರಗೆ ಬಂದು, ಏನು ತೋಚಿತೋ, ನಮ್ಮ ಮನೆಯವರ ಅಂಗಡಿಗೆ ಫೋನು ಹಚ್ಚಿದೆ.

"ಊಟ ಆತೇನ್ರಿ?"

"ಯಾಕ? ಏನಾತು? ಯಾರ್ ಹೋದ್ರು?"

"ಯಾರೂ ಹೋಗಿಲ್ಲ. ಸುಮ್ನ ಕೇಳಿದೆ."

"ಸುಮ್ನ ಕೇಳಾಕ ಫೋನ್ ಮಾಡತಾರೇನು? ಗಿರಾಕಿ ಅದಾರ, ಇಡತೇನಿ."

ಅಂದಿನಿಂದ ನಾನು ಹೆರಿಗೆ ಕೋಣೆಯೊಳಗೆ ಮನೆಯವರೊಬ್ಬರನ್ನು ಬಿಡತೊಡಗಿದೆ. ಹೆಚ್ಚಾಗಿ ಅವ್ವ, ಇಲ್ಲದಿದ್ದರೆ ಅಕ್ಕತಂಗಿ. ಗಂಡನೇ ಬರುತ್ತೇನೆ ಅಂದವರು ಆಮೇಲೂ ಬೆರಳೆಣಿಕೆ. ಬಂದವರಲ್ಲಿ ಒಬ್ಬ ತಲೆತಿರುಗಿ ಬಿದ್ದ, ಅವನ ಹಣೆಗೂ ಹೊಲಿಗೆ ಹಾಕಬೇಕಾಯಿತು.

ಯಾನಿಸ್ ಮಗಳಿಗೆ ತನ್ನ ಅವ್ವನ ಹೆಸರು, ಎಲೆನಿ ಅಂತ ಇಟ್ಟ. ಭಾನುವಾರಗಳಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ನವಿಲುತೀರ್ಥಕ್ಕೆ ಹೋಗುತ್ತಿದ್ದ. ಅಣೆಕಟ್ಟಿನ ಹಿಂದಿನ ನೀರು ನೋಡುತ್ತ ಬಹಳ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದನಂತೆ. ಅವನ ಅವ್ವ ಆ ದ್ವೀಪದಲ್ಲಿ ತೀರಿಕೊಂಡಾಗ ಅವನಿಗೆ ಹೋಗಲಾಗಲಿಲ್ಲ. ಅತ್ತೆಗೆ ಅದೇ ವಾರ ಎರಡನೆಯ ಸಲ ಲಕ್ವಾ ಹೊಡೆದಿತ್ತು. ಇಬ್ಬರು ಅವ್ವಂದಿರಲ್ಲಿ ಉಸಿರಾಡುತ್ತಿದ್ದವಳನ್ನು ಬಿಟ್ಟು ಹೋಗಲಿಲ್ಲ ಅವನು. ಇದನ್ನು ಕಸ್ತೂರಿ ಹೇಳಿದಾಗಲೂ ನನಗೆ ಅಯ್ಯೋ ಅನ್ನಿಸುವ ಮೊದಲು ಬಂದದ್ದು ಅದೇ ಹಳೆಯ ಉರಿ. ಇವಳಿಗಾಗಿ ಒಬ್ಬ ಇಷ್ಟು ಬಿಟ್ಟನಲ್ಲ.

ಮಂಡಿನೋವು ಹೆಚ್ಚಾಗಿ ನಾನು ಕೆಲಸ ಬಿಟ್ಟೆ. ಅಂಗಡಿಯ ಕೆಲಸ ಬಿಟ್ಟು ನಮ್ಮ ಮನೆಯವರೂ ಮನೆಯಲ್ಲೇ ಇದ್ದರು. ಆಮೇಲಿನ ಮಳೆಗಾಲದಲ್ಲಿ ಯಾನಿಸ್ ಹೋಗಿಬಿಟ್ಟ. ಮೋಟಾರು ಬಿಚ್ಚುತ್ತಿದ್ದವನು ಎದೆ ಹಿಡಿದುಕೊಂಡು ಶೆಡ್ಡಿನಲ್ಲೇ ಕುಸಿದನಂತೆ. ಮೊದಲೇ ತೀರಿಕೊಂಡಿದ್ದ ಅತ್ತೆಯನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲೇ ಅವನನ್ನೂ ಇಟ್ಟರು. ಮೂರನೆಯ ದಿನ ನಾನು ಮಾತಾಡಿಸಲು ಹೋದೆ.

ಕಸ್ತೂರಿ ಒಲೆಯ ಮುಂದೆ ಕುಳಿತಿದ್ದಳು. ನನಗೆ ಚಹಾ ಮಾಡಬೇಕು ಅಂತ ಎದ್ದವಳು ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆದು ನೋಡುತ್ತಿದ್ದಳು. "ಅಕ್ಕಾರ, ನನ್ನ ಮನ್ಯಾಗ ಸಕ್ಕರಿ ಎಲ್ಲಿ ಐತಿ ಅಂತ ನನಗ ಗೊತ್ತಿಲ್ಲರಿ" ಅಂದು ನೆಲದ ಮೇಲೆ ಕುಸಿದು ಕುಳಿತು ಅತ್ತಳು. ಹಾಗೆ ಅಳುವವರನ್ನು ನಾನು ಕಂಡಿಲ್ಲ. ಅವಳ ಬೆನ್ನು ತಿಕ್ಕುತ್ತ ಕುಳಿತಿದ್ದೆ. ಸುಳ್ಳು ಹೇಳುವುದಿಲ್ಲ, ಆ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನಾಳೆ ನನ್ನ ಮನೆಯಲ್ಲಿ ಒಬ್ಬರು ಹೋದರೆ ಉಳಿದವರು ಹೀಗೆ ಅಳುತ್ತೇವೆಯೇ? ನನ್ನ ಮನೆಯ ಸಕ್ಕರೆ ಡಬ್ಬಿ ಕಣ್ಣು ಮುಚ್ಚಿದರೂ ಸಿಗುತ್ತದೆ ನನಗೆ.

ಮನೆಗೆ ಬಂದು ನಮ್ಮ ಮನೆಯವರಿಗೆ ಊಟಕ್ಕೆ ಬಡಿಸಿದೆ. ಕಸ್ತೂರಿಯ ಮನೆಯ ಸುದ್ದಿ ಹೇಳುತ್ತಿದ್ದೆ. ಸಕ್ಕರೆಯ ಮಾತು, ಅವಳ ಅಳು, ಆ ಹುಡುಗಿ ಎಲೆನಿ ಅಪ್ಪನ ಚಪ್ಪಲಿ ಒರೆಸುತ್ತ ಕುಳಿತದ್ದು. ಇವರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ನಾನು, "ದೇವರಂಥಾ ಮನಷ್ಯಾ ಇದ್ದ" ಅಂದೆ.

"ಹೂಂ. ಇನ್ನ ಅಂವನ ಸುದ್ದಿ ಮುಗೀತಲ್ಲ" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಸತ್ತವರ ಬಗ್ಗೆ ಹಂಗ ಮಾತಾಡತಾರೇನು? ನಿಮಗ ಅಂವ ಏನ್ ಮಾಡಿದ್ದ?"

"ಏನೂ ಮಾಡಿಲ್ಲ." ತುತ್ತು ಕೈಯಲ್ಲೇ ಉಳಿಯಿತು. "ಇಷ್ಟು ವರ್ಷ ನೀ ಮನಿಗೆ ಬಂದ ಕೂಡ್ಲೆ ಅಂವನ ಸುದ್ದಿನ ಹೇಳತಿದ್ದಿ. ಅಂವ ಡಬ್ಬಿ ತಂದ, ಅಂವ ಸೆರಗ ಹೊಚ್ಚಿದ, ಅಂವ ಹಂಗ ಅಂದ. ನಾ ಕೇಳಕೋತ ಉಣ್ಣತಿದ್ದೆ. ಒಮ್ಮೆರ ನನ್ನ ಸುದ್ದಿ ಯಾರ ಮುಂದರ ಹೇಳ್ಯಾಳೇನು ಅಂತ ಅಂಗಡ್ಯಾಗ ಕುಂತು ಲೆಕ್ಕಾ ಹಾಕತಿದ್ದೆ. ಆಸ್ಪತ್ರಿ ಮುಂದ ಹಾಯೂದನ್ನ ಬಿಟ್ಟ ಬಿಟ್ಟೆ. ಆ ಬೇವಿನ ಗಿಡ ಕಂಡ್ರ ಮೈ ಉರೀತಿತ್ತು. ಅದಕ್ಕ ಸುತ್ತ ಹಾಕಿ ಬರತಿದ್ದೆ."

ನಾನು ಕೈಯಲ್ಲಿ ಸೌಟು ಹಿಡಿದು ನಿಂತುಬಿಟ್ಟೆ. ಸುತ್ತು ದಾರಿಯೆಂದರೆ ನದಿಯ ಕಡೆಯಿಂದ ಬರಬೇಕು, ಬಿಸಿಲಲ್ಲಿ, ಮಳೆಯಲ್ಲಿ. ತಡವೇಕೆ ಅಂದರೆ ಗಿರಾಕಿ ಅನ್ನುತ್ತಿದ್ದರು.

"ಹೇಳಬಾರದಾಗಿತ್ತೇನ್ರಿ?"

"ಏನಂತ ಹೇಳ್ಲಿ? ನಗತಿದ್ದಿ."

ನಗಲಿಲ್ಲ ನಾನು. ತಟ್ಟೆ ನೋಡಿದೆ, ಪಲ್ಯ ಮುಗಿದಿತ್ತು. ಬಡಿಸಿದೆ. ಅವರು ಉಂಡರು, ಮುಖ ಮೇಲೆತ್ತದೆ, ಕಿವಿಯವರೆಗೂ ಕೆಂಪಾಗಿ. ನಾನು ಎದುರಿಗೆ ನೆಲದ ಮೇಲೆ ಕುಳಿತುಕೊಂಡೆ, ಮಂಡಿ ನೋಯುತ್ತಿದ್ದರೂ, ಅವರ ಊಟ ಮುಗಿಯುವವರೆಗೆ.